ರಿಪೋರ್ಟ್ ಕೇಳಿದ ಹುಡುಗಿ

"ನೀವು ಕೊನೇ ಸಲ ಬಿ.ಪಿ. ನೋಡಿಸಿಕೊಂಡಿದ್ದು ಯಾವಾಗ?"

ಹೆಣ್ಣು ನೋಡಲು ಬಂದು, ಕೇಸರಿಬಾತಿನ ತಟ್ಟೆ ಕೈಯಲ್ಲಿ ಹಿಡಿದು ಕೂತಿದ್ದ ರಜತ್‌ಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು.

"ಎಂತದ್ದು?"

"ಬಿ.ಪಿ. ಯಾವಾಗ ನೋಡಿಸಿಕೊಂಡ್ರಿ ಅಂದೆ."

ತಿರುವಲ್ಲಿಕ್ಕೇಣಿಯ ಆ ಹಳೆಯ ಮನೆಯ ಹಜಾರದಲ್ಲಿ ರಜತ್‌ನ ಎಡಬಲದಲ್ಲಿ ಕೂತಿದ್ದ ಅವನ ಅಪ್ಪ ಕೃಷ್ಣರಾಜ ಮತ್ತು ಅಮ್ಮ ಸುಗುಣಾ ಮುಖ ಮುಖ ನೋಡಿಕೊಂಡರು. ಈ ಸಂಬಂಧವನ್ನು ತಂದಿದ್ದ ಪಕ್ಕದ ಬೀದಿಯ ಸಣ್ಣಮ್ಮ, ಬಾಗಿಲ ಬಳಿ ನಿಂತಲ್ಲೇ ಸೆರಗು ಬಾಯಿಗೆ ಒತ್ತಿಕೊಂಡಳು. ಹುಡುಗಿಯ ತಾಯಿ ಜಯಲಕ್ಷ್ಮೀ ಕಣ್ಣಲ್ಲೇ ಮಗಳನ್ನು ಬೇಡಿಕೊಂಡಳು... ಬೇಡ ಕಣೇ, ಇವತ್ತೊಂದು ದಿನ ಬೇಡ.

ಆದರೆ ಶ್ರೀಪ್ರಿಯಾ ಅಮ್ಮನ ಕಡೆ ನೋಡಲೇ ಇಲ್ಲ.

ರಜತ್ ನಕ್ಕ. ವಡಪಳನಿಯ ದೇವಸ್ಥಾನದ ಹಿಂದಿನ ಬೀದಿಯಲ್ಲಿ ನಲವತ್ತು ವರ್ಷದಿಂದ ನಡೆಯುತ್ತಿರುವ ಅವರ ಸಸ್ಯಾಹಾರಿ ಹೋಟೆಲನ್ನು ಈಗ ನಡೆಸುವವನು ಅವನೇ. ಎತ್ತರದ ಆಳು. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಾನೆ, ರಾತ್ರಿ ಕದ ಹಾಕುವವರೆಗೆ ನಿಂತೇ ಇರುತ್ತಾನೆ.

"ನನಗೆ ಮೂವತ್ಮೂರು ವರ್ಷ ಆಯ್ತು. ಇಷ್ಟರವರೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತಿದವನಲ್ಲ" ಎಂದ, ಸ್ವಲ್ಪ ಹೆಮ್ಮೆಯಿಂದಲೇ.

"ನಮ್ಮ ವಾರ್ಡಲ್ಲಿ ಮಲಗಿರೋರೆಲ್ಲ ಇದೇ ಮಾತು ಹೇಳ್ತಿದ್ದೋರೇ."

ಶ್ರೀಪ್ರಿಯಾ ವೇಲಚೇರಿಯ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. ಕಿಡ್ನಿ ಕೈಬಿಟ್ಟವರ ರಕ್ತವನ್ನು ಯಂತ್ರಕ್ಕೆ ಜೋಡಿಸಿ, ನಾಲ್ಕು ಗಂಟೆ ಅವರ ಪಕ್ಕ ಕಾಯುವ ಕೆಲಸ. ಅದು ಹುಡುಗನ ಕಡೆಯವರಿಗೆ ಮೊದಲೇ ಗೊತ್ತಿತ್ತು. ಆದರೆ ಆ ವಾರ್ಡನ್ನು ಅವಳು ಹೀಗೆ ಹಜಾರದ ನಡುವೆ ತಂದು ಇಡುತ್ತಾಳೆ ಎಂದು ಯಾರೂ ಎಣಿಸಿರಲಿಲ್ಲ.

"ಒಳ್ಳೆ ಕಾರ್ಯಕ್ಕೆ ಬಂದ ಮನೆಯಲ್ಲಿ ಇದೆಂತ ಮಾತಪ್ಪ" ಎಂದು ಸುಗುಣಾ ಗೊಣಗಿದರು.

ಶ್ರೀಪ್ರಿಯಾ ಎದ್ದು, ಮೇಜಿನ ಮೇಲಿದ್ದ ಒಂದು ಫೈಲನ್ನು ತಂದು ರಜತ್‌ನ ಮುಂದೆ ಇಟ್ಟಳು.

"ಇದು ನಂದು. ಬಿ.ಪಿ., ಶುಗರ್, ಕೊಲೆಸ್ಟ್ರಾಲ್, ಕಿಡ್ನಿ ಟೆಸ್ಟ್. ನಾನು ಕೇಳೋದನ್ನ ಮೊದಲು ನಾನೇ ಕೊಡ್ತಿದ್ದೀನಿ. ನಿಮ್ಮದೂ ಇಷ್ಟೇ ಸಾಕು. ಜಾತಕ ಕೂಡಿದೆ ಅಂದ್ರಲ್ಲ, ಇದೂ ಒಂದು ಕೂಡಲಿ."

ಕೃಷ್ಣರಾಜರ ಮುಖ ಕೆಂಪಾಯಿತು. ತಟ್ಟೆಯನ್ನು ಕೆಳಗಿಟ್ಟರು.

"ನಾವು ಹೆಣ್ಣು ನೋಡ್ಲಿಕ್ಕೆ ಬಂದದ್ದು ತಂಗೀ, ಮಿಲಿಟ್ರಿಗೆ ಸೇರ್ಲಿಕ್ಕೆ ಅಲ್ಲ. ಏಳು ರಜತ್."

ರಜತ್ ಎದ್ದ. ಬಾಗಿಲವರೆಗೆ ಹೋದವನು ತಿರುಗಿ ನೋಡಿದ. ಅವನ ಕಣ್ಣಲ್ಲಿ ಈಗ ನಗು ಇರಲಿಲ್ಲ.

"ನಿಮಗೆ ಬೇಕಾದದ್ದು ಗಂಡನಾ, ಪೇಷೆಂಟಾ?"

"ಪೇಷೆಂಟ್ ಆಗದೇ ಇರೋ ಗಂಡ."

"ಸಿಕ್ಕಿದರೆ ಹೇಳಿ. ನಾನೂ ಬಂದು ನೋಡ್ತೇನೆ."

ಅವರ ಕಾರು ಬೀದಿಯ ತಿರುವು ದಾಟುವ ಮುಂಚೆಯೇ ಜಯಲಕ್ಷ್ಮೀ ಅಳಲು ಶುರುಮಾಡಿದಳು. ಶ್ರೀಪ್ರಿಯಾ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.  ತಾನು ಕೇಳಿದ್ದು ತಪ್ಪೆಂದು ಅವಳಿಗೆ ಅನ್ನಿಸಲಿಲ್ಲ. ಆದರೂ ಬಾಗಿಲಲ್ಲಿ ತಿರುಗಿದ ಆ ಮುಖ ಮಾತ್ರ ಯಾಕೋ ಕಣ್ಣ ಮುಂದಿನಿಂದ ಸರಿಯಲಿಲ್ಲ.

*

ತಿಂಗಳೊಳಗೆ ಬಂದ ಎರಡು ಸಂಬಂಧಗಳು ಫೋನಿನಲ್ಲೇ ಮುರಿದವು. ಮೂರನೆಯ ಕಡೆಯವರು ಜಾತಕವನ್ನೇ ವಾಪಸ್ ಕಳಿಸಿದರು.

ಕಾರಣ ಹೇಳಿದವಳು ಸಣ್ಣಮ್ಮ. ಟಿ. ನಗರದ ಒಂದು ಉಪನಯನದಲ್ಲಿ ಊಟದ ಪಂಕ್ತಿಯಲ್ಲೇ ಮಾತು ಹರಿದಾಡಿತಂತೆ. ಬದರಿನಾಥರ ಮಗಳು ಶ್ರೀಪ್ರಿಯಾ ಬಂದ ಗಂಡುಗಳನ್ನೆಲ್ಲ ಬಟ್ಟೆ ಬಿಚ್ಚಿಸಿ ನೋಡುವಂಥ ಟೆಸ್ಟ್ ಕೇಳುತ್ತಾಳಂತೆ. 'ಆ' ರೋಗ ಇದೆಯೋ ಇಲ್ಲವೋ ಎಂದು ಮೊದಲೇ ಬರೆದು ಕೊಡಬೇಕಂತೆ.

"ಯಾರು ಹೇಳಿದ್ದು?" ಶ್ರೀಪ್ರಿಯಾ ಕೇಳಿದಳು.

"ವಡಪಳನಿ ಹೋಟ್ಲಿನೋರ ಕಡೆಯಿಂದ ಬಂದ ಮಾತು ಅಂತಾರೆ. ನನಗೆ ಅಷ್ಟೇ ಗೊತ್ತು."

ಮರುದಿನ ಮಧ್ಯಾಹ್ನ ಮೂರಕ್ಕೆ ಶ್ರೀಪ್ರಿಯಾ ಆ ಹೋಟೆಲಿನಲ್ಲಿದ್ದಳು. ಊಟದ ಹೊತ್ತು ಮುಗಿದು ಕಾಫಿಯ ಹೊತ್ತು ಶುರುವಾಗುವ ಮುಂಚಿನ ಸಮಯ. ಟೇಬಲ್‌ಗಳು ಖಾಲಿ ಇದ್ದವು. ರಜತ್ ಗಲ್ಲಾದಲ್ಲಿ ಕೂತು, ಕಣ್ಣು ಮುಚ್ಚಿ, ಕತ್ತಿನ ಹಿಂಭಾಗವನ್ನು ಎರಡು ಬೆರಳಿಂದ ಒತ್ತಿಕೊಳ್ಳುತ್ತಿದ್ದ.

"ನಿದ್ದೆ ಚೆನ್ನಾಗಿ ಬರುತ್ತಾ, ಇನ್ನೊಬ್ಬರ ಮಾನ ಹರಾಜು ಹಾಕಿ?"

ಅವನು ಕಣ್ಣು ತೆರೆದ. ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು.

"ಓ, ಡಾಕ್ಟ್ರಮ್ಮ."

"ನಾನು ಡಾಕ್ಟ್ರಲ್ಲ. ನಾನು ಕೇಳಿದ್ದು ನಾಲ್ಕು ಟೆಸ್ಟ್. ನೀವು ಊರಿಗೆಲ್ಲ ಏನಂತ ಹೇಳಿದ್ದೀರಿ?"

"ನಾನೆಂತ ಹೇಳ್ಲಿಲ್ಲ."

"ಸುಳ್ಳು."

ಸಪ್ಲೈಯರ್ ಒಬ್ಬ ನೀರಿನ ಲೋಟ ಹಿಡಿದು ಬಂದವನು ಅರ್ಧದಲ್ಲೇ ಹಿಂದೆ ಹೋದ. ರಜತ್ ದನಿ ತಗ್ಗಿಸಿದ. ಆದರೆ ಆ ತಗ್ಗಿದ ದನಿಯಲ್ಲೇ ಸಿಟ್ಟು ಹೆಚ್ಚಿತ್ತು.

"ನೋಡಿ ಮಾರಾಯ್ರೆ, ದಿನಕ್ಕೆ ಎಂಟುನೂರು ಜನ ಇಲ್ಲಿ ಉಂಡು ಹೋಗ್ತಾರೆ. ಅವರ ಸಾಂಬಾರಿನ ಚಿಂತೆಯೇ ನನಗೆ ಸಾಕಾಗ್ತದೆ. ನಿಮ್ಮ ಹೆಸರು ಹೇಳಿಕೊಂಡು ತಿರುಗ್ಲಿಕ್ಕೆ ಪುರುಸೊತ್ತಿಲ್ಲ. ನೀವು ಅಷ್ಟು ದೊಡ್ಡವರೂ ಅಲ್ಲ."

ಆ ಕೊನೆಯ ಮಾತು ನೇರ ಎದೆಗೆ ನಾಟಿತು. ಶ್ರೀಪ್ರಿಯಾಳ ಕಣ್ಣು ಗಲ್ಲಾದ ಮೇಲೆ ಬಿತ್ತು. ಬಿಲ್ ಪುಸ್ತಕದ ಪಕ್ಕದಲ್ಲಿ ನೋವಿನ ಮಾತ್ರೆಯ ಒಂದು ಪಟ್ಟಿ. ಹತ್ತರಲ್ಲಿ ಏಳು ಖಾಲಿ.

ಬಾಯಿ ಅವಳ ಮಾತು ಕೇಳಲಿಲ್ಲ.

"ಎಷ್ಟು ದಿನದಿಂದ ತಲೆನೋವು?"

"ನೀವು ಒಳಗೆ ಬಂದಾಗಿನಿಂದ."

"ಬೆಳಿಗ್ಗೆ ಏಳುವಾಗ ಕತ್ತಿನ ಹಿಂದೆ ಹಿಡಿಯುತ್ತಲ್ಲ?"

ಅವನು ಮಾತ್ರೆಯ ಪಟ್ಟಿಯನ್ನು ಡ್ರಾಯರಿಗೆ ತಳ್ಳಿ ದಡಕ್ಕನೆ ಮುಚ್ಚಿದ.

"ಕಾಫಿ ಕುಡಿಯುವುದಾದರೆ ಕೂತುಕೊಳ್ಳಿ. ಇಲ್ಲದಿದ್ದರೆ ಬಾಗಿಲು ಅಲ್ಲಿ ಉಂಟು."

ಅವಳು ಬಾಗಿಲ ಕಡೆಗೇ ನಡೆದಳು.

*

ಹನ್ನೆರಡು ದಿನ ಕಳೆಯಿತು. ಒಂದು ಸಂಜೆ ಶ್ರೀಪ್ರಿಯಾ ವೇಲಚೇರಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ಫೋನಿಗೆ ಒಂದು ಫೋಟೋ ಬಂತು. ಹೆಸರಿಲ್ಲದ ನಂಬರು. ಲ್ಯಾಬ್ ರಿಪೋರ್ಟಿನ ಒಂದು ಪುಟ.

ರಕ್ತದೊತ್ತಡ 178/112. ಕ್ರಿಯಾಟಿನಿನ್ 1.7. ಮೂತ್ರದಲ್ಲಿ ಪ್ರೋಟೀನ್.

ಮೇಲೆ ಹೆಸರು: ರಜತ್, ವಯಸ್ಸು 33.

ಕೆಳಗೆ ಒಂದು ಸಾಲು. 'ನಿಮ್ಮ ಮುಖದ ಮೇಲೆ ಎಸೆಯಲು ಮಾಡಿಸಿದ್ದು. ಈಗ ಇಟ್ಟುಕೊಳ್ಳಿ. ನೀವು ಗೆದ್ದಿರಿ.'

ರೈಲು ಬಂತು, ಹೋಯಿತು. ಶ್ರೀಪ್ರಿಯಾ ಬೆಂಚಿನಿಂದ ಏಳಲಿಲ್ಲ.

ಗೆದ್ದೆನೇ? ಇದನ್ನು ಗೆಲುವು ಅಂತಾರಾ...

ಆ ಅಂಕಿಗಳ ಅರ್ಥ ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಏರಿದ ಒತ್ತಡ ಕಿಡ್ನಿಯನ್ನು ಸವೆಸಲು ಶುರುಮಾಡಿದೆ. ಅದರ ಮೇಲೆ ದಿನಾ ನುಂಗಿದ ಆ ನೋವಿನ ಮಾತ್ರೆಗಳು ಬೇರೆ. ಇನ್ನೂ ಕೈಮೀರಿಲ್ಲ. ಈಗ ಹಿಡಿದರೆ ಹಿಡಿಯಬಹುದು.

'ಡಾಕ್ಟರ್ ಹತ್ರ ಹೋದ್ರಾ? ಬಿ.ಪಿ.ಗೆ ಮಾತ್ರೆ ಶುರು ಮಾಡಿದ್ರಾ?' ಎಂದು ಬರೆದಳು.

ಅರ್ಧ ಗಂಟೆಯ ಮೇಲೆ ಉತ್ತರ ಬಂತು. 'ಒಮ್ಮೆ ಶುರು ಮಾಡಿದರೆ ಸಾಯುವವರೆಗೆ ತಿನ್ನಬೇಕಂತೆ. ಬೇಡ.'

'ತಿನ್ನದಿದ್ರೆ ಆ ದಿನ ಬೇಗ ಬರುತ್ತೆ.'

'ನಿಮ್ಮ ಬಾಯಲ್ಲಿ ಒಳ್ಳೆಯ ಮಾತು ಬರುವುದೇ ಇಲ್ಲವಾ?'

ಅವಳು ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಮತ್ತೆ ಮಾಡಿದಳು. ಐದನೆಯ ಸಲ ಎತ್ತಿದ.

"ಒಂದೇ ಸಲ ನಮ್ಮ ವಾರ್ಡಿಗೆ ಬನ್ನಿ. ಹತ್ತು ನಿಮಿಷ. ಆಮೇಲೆ ನಾನು ನಿಮ್ಮ ತಂಟೆಗೆ ಬರಲ್ಲ."

"ಖಂಡಿತಾ ಬರುದಿಲ್ಲವಾ?"

"ಬರಲ್ಲ."

"ಹಾಗಾದರೆ ಬರ್ತೇನೆ. ಅದೊಂದಕ್ಕಾಗಿ."

*

ಅವನು ಶನಿವಾರ ಬಂದ. ವಾರ್ಡಿನಲ್ಲಿ ಎಂಟು ಹಾಸಿಗೆ, ಎಂಟು ಯಂತ್ರ. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಸುಕೇಶ್ ಮಲಗಿದ್ದ. ವಡಪಳನಿಯ ಸಿನಿಮಾ ಸ್ಟುಡಿಯೋಗಳಲ್ಲಿ ಲೈಟ್ ಹೊರುತ್ತಿದ್ದ ಕುಂದಾಪುರದ ಕಡೆಯವನು. ವಯಸ್ಸು ಮೂವತ್ತೆಂಟು. ಅವನ ತೋಳಿನಿಂದ ಹೊರಟ ರಕ್ತ ತೆಳ್ಳನೆಯ ಕೊಳವೆಯಲ್ಲಿ ಹರಿದು, ಯಂತ್ರ ಸುತ್ತಿ, ಇನ್ನೊಂದು ಕೊಳವೆಯಲ್ಲಿ ವಾಪಸ್ ಬರುತ್ತಿತ್ತು.

"ಸುಕೇಶಣ್ಣ, ಇವರಿಗೆ ಹೇಳಿ. ತಲೆನೋವಿಗೆ ನೀವೇನು ಮಾಡ್ತಿದ್ರಿ?"

ಸುಕೇಶ್ ರಜತ್‌ನನ್ನು ನೋಡಿದ. ಹೋಟೆಲನ್ನೂ ಗುರುತು ಹಿಡಿದ.

"ನಿಮ್ಮಲ್ಲೇ ಎಷ್ಟೋ ಸಲ ಉಂಡಿದ್ದೇನೆ ಮಾರಾಯ್ರೆ. ತಲೆನೋವಿಗೆ ಎಂತ ಮಾಡುದು? ಒಂದು ಮಾತ್ರೆ ನುಂಗುದು, ಲೈಟ್ ಹೊರುದು. ನಾಲ್ಕು ವರ್ಷ ಹಾಗೇ ಹೋಯ್ತು. ಕಾಲು ಬಾತುಕೊಂಡ ಮೇಲೆ ಬಂದೆ. ಅಷ್ಟೊತ್ತಿಗೆ..." ಅವನು ತೋಳಿನ ಕಡೆ ನೋಡಿದ. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.

ರಜತ್ ಅವನ ಕಾಲಿನ ಬಳಿ ಸರಿದುಹೋಗಿದ್ದ ಹೊದಿಕೆಯನ್ನು ಸರಿಮಾಡಿದ.  ಹೊರಗೆ ಕಾರಿಡಾರಿಗೆ ಬಂದ ಮೇಲೆ ಶ್ರೀಪ್ರಿಯಾಳ ಎದುರು ನಿಂತ.

"ತೃಪ್ತಿ ಆಯ್ತಾ?"

"ನಿಮಗೆ ಅರ್ಥ ಆಗಲಿ ಅಂತ..."

"ನನಗೆ ಹೆದರಿಕೆ ಹುಟ್ಟಿಸ್ಲಿಕ್ಕೆ ಆ ಮನುಷ್ಯನನ್ನು ತೋರಿಸಿದ್ರಿ. ಮ್ಯೂಸಿಯಮ್ಮಿನಲ್ಲಿ ತೋರಿಸಿದ ಹಾಗೆ. ಅವನು ಹೇಗೆ ಮುಖ ತಿರುಗಿಸಿದ, ನೋಡಿದ್ರಾ ನೀವು? ನೋಡ್ಲಿಲ್ಲ. ನಿಮ್ಮ ಕಣ್ಣು ನನ್ನ ಮೇಲೆ ಇತ್ತು, ನಾನು ಹೆದರಿದೆನಾ ಇಲ್ಲವಾ ಅಂತ."

ಅವನು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದ.

ಶ್ರೀಪ್ರಿಯಾ ನಿಂತಲ್ಲೇ ನಿಂತಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ಹೇಳಿದ್ದು ನಿಜವಾಗಿತ್ತು. ಆರು ವರ್ಷದಿಂದ ಈ ಕೆಲಸ ಮಾಡುತ್ತಿರುವ ತನಗೆ ಕಾಣದೇ ಹೋದದ್ದು, ಬೈಯುತ್ತ ಬಂದ ಈ ಮನುಷ್ಯನಿಗೆ ಹತ್ತು ನಿಮಿಷದಲ್ಲಿ ಕಂಡಿತ್ತು.

ಅವಳು ಒಳಗೆ ಹೋಗಿ ಸುಕೇಶನ ಮುಂದೆ ನಿಂತಳು. "ನಿಮ್ಮನ್ನ ಕೇಳದೇ ಹಾಗೆ ಮಾಡಬಾರದಿತ್ತು ಅಣ್ಣ. ತಪ್ಪಾಯ್ತು."

"ಪರವಾಗಿಲ್ಲಮ್ಮ. ಅವರು ಹೋಗಿಬಿಟ್ಟರಾ? ಹಿಂದೆ ಹೋಗಿ."

ಅವಳು ಮೂರು ಮಹಡಿ ಓಡಿ ಇಳಿದಳು. ಪಾರ್ಕಿಂಗಿನಲ್ಲಿ ರಜತ್ ಸ್ಕೂಟರ್ ಹತ್ತಿರ ಸುಮ್ಮನೆ ನಿಂತಿದ್ದ. ಕೀಲಿ ಹಾಕಿರಲಿಲ್ಲ.

"ನನ್ನ ತಂದೆ ಐವತ್ನಾಲ್ಕು ವರ್ಷಕ್ಕೆ ಹೋದರು" ಎಂದಳು. ಉಸಿರು ಇನ್ನೂ ಏರುತ್ತಿತ್ತು. "ಒಂದು ಬೆಳಿಗ್ಗೆ ಪೇಪರ್ ಓದ್ತಾ ಕೂತಿದ್ದೋರು, ಕೂತಲ್ಲೇ ಒರಗಿಬಿಟ್ಟರು. ಮೆದುಳಲ್ಲಿ ರಕ್ತನಾಳ ಒಡೆದಿತ್ತು. ಬಿ.ಪಿ. ಎಷ್ಟೋ ವರ್ಷದಿಂದ ಇದ್ದಿರಬೇಕು ಅಂದರು ಡಾಕ್ಟರ್. ನಮ್ಮಪ್ಪ ಯಾವತ್ತೂ ನೋಡಿಸ್ಕೊಂಡಿರಲಿಲ್ಲ."

ರಜತ್ ತಿರುಗಿದ.

"ಅವತ್ತಿಗೆ ನಾನು ಈ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ದಿನಾ ಎಂಟು ಹತ್ತು ಜನರ ತೋಳಿಗೆ ಬಿ.ಪಿ. ಪಟ್ಟಿ ಕಟ್ಟುತ್ತಿದ್ದೆ. ನಮ್ಮಪ್ಪನ ತೋಳಿಗೆ ಒಂದು ಸಲ... ಒಂದೇ ಒಂದು ಸಲ ಕಟ್ಟಲಿಲ್ಲ. ಅವರು ಚೆನ್ನಾಗಿದಾರೆ ಅಂದ್ಕೊಂಡಿದ್ದೆ. ಯಾವಾಗಲೂ ನಗ್ತಿದ್ದರು, ಅದಕ್ಕೆ."

ಅವಳು ಅತ್ತುಬಿಟ್ಟಳು. ಅಮ್ಮನ ಮುಂದೆಯೂ ಆಡದ ಮಾತು. ಆಡಿದ್ದು ಯಾರ ಮುಂದೆ? ತನ್ನನ್ನು ಕಂಡರಾಗದವನ ಮುಂದೆ.

"ಇಷ್ಟೇ. ಇನ್ನು ನಿಮ್ಮ ತಂಟೆಗೆ ಬರಲ್ಲ. ಹೋಗಿ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಕಾಯದೆ ಮೆಟ್ಟಿಲ ಕಡೆ ತಿರುಗಿದಳು.

*

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಫೋನ್ ಸದ್ದು ಮಾಡಿತು.

'170/108.'

ನಮಸ್ಕಾರವಿಲ್ಲ, ಹೆಸರಿಲ್ಲ. ಶ್ರೀಪ್ರಿಯಾ ಹಾಸಿಗೆಯಲ್ಲೇ ಎದ್ದು ಕೂತಳು.

'ಮಾತ್ರೆ?' ಎಂದು ಕೇಳಿದಳು.

'ನಿನ್ನೆಯಿಂದ. ಡಾಕ್ಟರ್ ಕೊಟ್ಟದ್ದು. ತಲೆನೋವಿನ ಮಾತ್ರೆ ಕಸದ ಬುಟ್ಟಿಗೆ.'

ಮರುದಿನವೂ ಬಂತು. ಅದರ ಮರುದಿನವೂ. ಪ್ರತಿ ದಿನ ಬೆಳಿಗ್ಗೆ ಆರಕ್ಕೆ ಎರಡು ಅಂಕಿ. ಅದರ ಹಿಂದೆಯೇ ಜಗಳ.

'ಉಪ್ಪು ಕಮ್ಮಿ ಮಾಡಿದ್ರಾ?'

'ಹೋಟೆಲಿನವನಿಗೆ ಹೇಳುವ ಮಾತಾ ಇದು? ಇವತ್ತು ಉಪ್ಪಿಲ್ಲದ ಸಾರು ಉಂಡೆ. ಬಟ್ಟೆ ಒಗೆದ ನೀರಿನ ಹಾಗೆ ಇತ್ತು. ನಿಮಗೆ ಒಳ್ಳೆಯದಾಗಲಿ.'

'ಉಪ್ಪಿನಕಾಯಿ?'

'ಅದನ್ನೂ ಕಿತ್ತುಕೊಳ್ಳಿ. ಬದುಕಿನಲ್ಲಿ ಇನ್ನೇನುಂಟು.'

'ಹಪ್ಪಳ?'

'ನೀವು ಮನುಷ್ಯರಾ?'

ಅವಳು ರೈಲಿನಲ್ಲಿ ನಿಂತು ಅದನ್ನು ಓದಿ ನಕ್ಕಳು. ಪಕ್ಕದ ಹೆಂಗಸು ವಿಚಿತ್ರವಾಗಿ ನೋಡಿದಳು.

ಮೂರನೆಯ ವಾರದಲ್ಲಿ ಅಂಕಿಗಳ ಜೊತೆ ಒಂದು ಉದ್ದ ಮಾತು ಬಂತು. 'ಉಪನಯನದಲ್ಲಿ ನಿಮ್ಮ ಬಗ್ಗೆ ಹಾಗೆ ಹೇಳಿದ್ದು ನನ್ನ ಅಪ್ಪ. ನಿನ್ನೆ ಅವರ ಬಾಯಿಂದಲೇ ಗೊತ್ತಾಯ್ತು. ನಿಮ್ಮ ಮನೆಯಿಂದ ಎದ್ದು ಬಂದ ಅವಮಾನಕ್ಕೆ ಹೇಳಿದ್ದಂತೆ. ಅವತ್ತು ಹೋಟೆಲಿಗೆ ಬಂದಾಗ ನೀವು ಹೇಳಿದ್ದು ಸುಳ್ಳಾಗಿರಲಿಲ್ಲ. ನೀವು ಅಷ್ಟು ದೊಡ್ಡವರಲ್ಲ ಅಂದೆ. ಅದು ತಪ್ಪು.'

ಅವಳು ಅದನ್ನು ಎರಡು ಸಲ ಓದಿದಳು. ಕೊನೆಗೆ ಬರೆದದ್ದು ಇಷ್ಟೇ. 'ನಿಮ್ಮ ಅಪ್ಪನ ಬಿ.ಪಿ. ಎಷ್ಟು?'

'ನೀವು ಬದಲಾಗುವುದಿಲ್ಲ' ಎಂದು ಬಂತು ಉತ್ತರ.

*

ಅದೇ ವಾರ ಜಯಲಕ್ಷ್ಮೀಯ ಮುಖದಲ್ಲಿ ಬಹಳ ದಿನದ ಮೇಲೆ ಬೆಳಕು ಕಂಡಿತು.

"ಶ್ರೀಶ ಅಂತ. ವೇಲಚೇರಿಯಲ್ಲಿ ಸ್ವಂತ ಫ್ಲ್ಯಾಟು. ನಿನ್ನ ಕಂಡಿಷನ್ ಕೇಳಿ ಕೋಪ ಮಾಡ್ಕೊಳ್ಳಲಿಲ್ಲ ಕಣೇ. ನಾನು ವರ್ಷಾವರ್ಷ ಮಾಡಿಸ್ತೀನಿ ಆಂಟಿ ಅಂತ ಅವನೇ ಕಳಿಸಿದ. ಪಾರು, ನೀನೇ ನೋಡು."

ಶ್ರೀಪ್ರಿಯಾ ಫೋನು ತೆಗೆದುಕೊಂಡು ನೋಡಿದಳು. ಒಂದಲ್ಲ, ನಾಲ್ಕು ವರ್ಷದ ರಿಪೋರ್ಟುಗಳು. ರಕ್ತದೊತ್ತಡ 116/74. ಶುಗರ್, ಕೊಲೆಸ್ಟ್ರಾಲ್, ಕಿಡ್ನಿ... ಒಂದು ಅಂಕಿಯೂ ಗೆರೆ ದಾಟಿರಲಿಲ್ಲ. ಇಷ್ಟು ಚೆಂದದ ರಿಪೋರ್ಟನ್ನು ಅವಳು ಆಸ್ಪತ್ರೆಯಲ್ಲೂ ಕಂಡಿರಲಿಲ್ಲ.

ಭಾನುವಾರ ಶ್ರೀಶ ಬಂದ. ಒಳ್ಳೆಯವನು. ಮೆತ್ತಗೆ ಮಾತಾಡಿದ, ಬೆಳಿಗ್ಗೆ ಓಡುತ್ತೇನೆ ಎಂದ, ಕಾಫಿಗೆ ಸಕ್ಕರೆ ಬೇಡವೆಂದ. ಅವನು ಹೇಳಿದ್ದಕ್ಕೆಲ್ಲ ಶ್ರೀಪ್ರಿಯಾ ತಲೆಯಾಡಿಸಿದಳು. ಮನಸ್ಸು ಮಾತ್ರ ಬೇರೆಲ್ಲೋ ಇತ್ತು. ಬೆಳಿಗ್ಗೆ ಬಂದದ್ದು 148/94. ಮೊನ್ನೆಗಿಂತ ಎರಡು ಹೆಚ್ಚು. ನಿನ್ನೆ ನಿದ್ದೆ ಮಾಡಿಲ್ಲವೇನೋ...

ಶ್ರೀಶ ಹೋದ ಮೇಲೆ ಅವಳು ಅಮ್ಮನ ಹತ್ತಿರ ಕೂತಳು.

"ಬೇಡಮ್ಮ."

ಜಯಲಕ್ಷ್ಮೀಗೆ ನಂಬಲಾಗಲಿಲ್ಲ. "ರಿಪೋರ್ಟು ನೂರಕ್ಕೆ ನೂರು ಇದೆ. ಇನ್ನೇನು ಬೇಕು ಕಣೇ ನಿನಗೆ?"

ಉತ್ತರ ಇತ್ತು, ಹೇಳಲು ಧೈರ್ಯ ಇರಲಿಲ್ಲ.

ಅತ್ತ ಸಣ್ಣಮ್ಮ ಸುಮ್ಮನಿರಲಿಲ್ಲ. ಶ್ರೀಶನ ಕಾರು ಬೀದಿಗೆ ಬಂದದ್ದನ್ನು ನೋಡಿದ್ದಳು. ಸಂಜೆಯೇ ವಡಪಳನಿಗೆ ಫೋನ್ ಹಚ್ಚಿ, ತಿರುವಲ್ಲಿಕ್ಕೇಣಿಯ ಹುಡುಗಿಗೆ ಗಂಡು ಗೊತ್ತಾಯಿತು ಎಂದು ಸುಗುಣಾಗೆ ಹೇಳಿ ಮುಗಿಸಿದ್ದಳು.

*

ಮಂಗಳವಾರ ಬೆಳಿಗ್ಗೆ ಆರಕ್ಕೆ ಫೋನು ಸದ್ದು ಮಾಡಲಿಲ್ಲ.

ಸೋಮವಾರವೂ ಬಂದಿರಲಿಲ್ಲ. ಮರೆತಿರಬೇಕೆಂದು ಸುಮ್ಮನಿದ್ದಳು. ಇವತ್ತು ಆರೂಕಾಲಾಯಿತು. ಫೋನ್ ಮಾಡಿದರೆ ರಿಂಗಾಗಿ ರಿಂಗಾಗಿ ನಿಂತಿತು. ಎರಡನೆಯ ಸಲವೂ.

ಪೇಪರ್ ಓದುತ್ತ ಕೂತಲ್ಲೇ ಒರಗಿದ ಅಪ್ಪ ಕಣ್ಣ ಮುಂದೆ ಬಂದರು.

ಅವಳು ಮುಖವನ್ನೂ ತೊಳೆಯದೆ ಚಪ್ಪಲಿ ಮೆಟ್ಟಿದಳು. ವಡಪಳನಿಯ ಹೋಟೆಲಿನ ಮುಂದೆ ಆಟೋ ನಿಲ್ಲಿಸಿ ಒಳಗೆ ನುಗ್ಗಿದಳು. ಅಡುಗೆಭಟ್ಟರು ಇಡ್ಲಿ ಪಾತ್ರೆಯ ಹಬೆಯಲ್ಲಿ ತಲೆ ಎತ್ತಿ ನೋಡಿದರು.

"ರಜತಣ್ಣನಾ? ಕೋಯಂಬೇಡು ಮಾರ್ಕೆಟಿಗೆ ಹೋಗಿದ್ದಾರೆ. ತರಕಾರಿಗೆ."

"ಚೆನ್ನಾಗಿದಾರಾ?"

"ಮುಖ ಊದಿಸಿಕೊಂಡು ಇದ್ದಾರೆ. ಎರಡು ದಿನದಿಂದ ಎಲ್ಲರಿಗೂ ಬೈಗಳು."

ಬದುಕಿದ್ದಾನೆ.  ಆ ಸಮಾಧಾನದ ಹಿಂದೆಯೇ ಕೋಪವೂ ಬಂತು.

ಕೋಯಂಬೇಡಿನಲ್ಲಿ ಲಾರಿಗಳ ಸಾಲು, ಕೊಳೆತ ಎಲೆಗಳ ಕೆಸರು, ತಲೆಯ ಮೇಲೆ ಮೂಟೆ ಹೊತ್ತವರ 'ವಳಿ ವಳಿ', ದಾರಿ ಬಿಡಿ ಎಂಬ ಕೂಗು. ತರಕಾರಿಯ ಮಳಿಗೆಗಳನ್ನು ಒಂದೊಂದಾಗಿ ದಾಟಿ ಕೊನೆಗೆ ಪಡವಲಕಾಯಿಯ ರಾಶಿಯ ಮುಂದೆ ಅವನನ್ನು ಕಂಡಳು. ಅಂಗಡಿಯವನ ಜೊತೆ ತಮಿಳಿನಲ್ಲಿ ಚೌಕಾಸಿ ನಡೆದಿತ್ತು.

"ಎರಡು ದಿನದಿಂದ ಯಾಕೆ ಕಳಿಸಲಿಲ್ಲ?"

ರಜತ್ ತಿರುಗಿದ. ಬಾಚದ ತಲೆ, ಮನೆಯಲ್ಲುಡುವ ಚೂಡಿದಾರ, ಕೆಸರಾದ ಪಾದ. ಅವನು ಕೈಯಲ್ಲಿದ್ದ ಪಡವಲಕಾಯಿಯನ್ನು ರಾಶಿಗೆ ಹಾಕಿದ.

"ನೀವು ಇಲ್ಲಿ ಎಂತ ಮಾಡ್ತೀರಿ?"

"ಫೋನ್ ಯಾಕೆ ಎತ್ತಲ್ಲ? ನಾನು ಏನಂತ ತಿಳ್ಕೋಬೇಕು? ಎಲ್ಲೋ ಬಿದ್ದಿದೀರಿ ಅಂತಾನಾ, ಇಲ್ಲ..." ಮಾತು ಪೂರ್ತಿಯಾಗಲಿಲ್ಲ. ಕಣ್ಣು ತುಂಬಿ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ರಜತ್ ಅವಳನ್ನು ಮಳಿಗೆಯ ಪಕ್ಕಕ್ಕೆ ಕರೆದ. ಅವನ ಮುಖವೂ ಬಿಗಿದಿತ್ತು.

"ನಿಮಗೆ ಗಂಡು ಗೊತ್ತಾಗಿದೆ. ಇನ್ನೊಬ್ಬನ ಹೆಂಡತಿ ಆಗುವವರಿಗೆ ದಿನಾ ಬೆಳಿಗ್ಗೆ ಎದ್ದು ನನ್ನ ಬಿ.ಪಿ. ಹೇಳುದು ಸರಿಯಾ? ಅವರು ಎಂತ ತಿಳ್ಕೊಳ್ಳಬೇಕು?"

"ಯಾರು ಹೇಳಿದ್ದು ಗೊತ್ತಾಗಿದೆ ಅಂತ?"

"ಸಣ್ಣಮ್ಮ. ಆರೋಗ್ಯದಲ್ಲಿ ಒಂದು ಚುಕ್ಕಿ ಇಲ್ಲವಂತೆ."

"ಇಲ್ಲ. ಒಂದು ಚುಕ್ಕಿಯೂ ಇಲ್ಲ." ಅವಳು ಕಣ್ಣೊರೆಸಿಕೊಂಡಳು. "ನಾನು ಬೇಡ ಅಂದೆ."

ಅವನು ಅವಳನ್ನೇ ನೋಡಿದ. "ತಲೆ ಸರಿ ಉಂಟಾ ನಿಮಗೆ? ನೀವು ಹುಡುಕ್ತಿದ್ದದ್ದು ಅದನ್ನೇ ಅಲ್ಲವಾ?"

"ಆಮಾ, ಹೌದು. ಅದನ್ನೇ ಹುಡುಕ್ತಿದ್ದೆ."

"ಮತ್ತೆ?"

"ಒಳ್ಳೆ ರಿಪೋರ್ಟನ್ನ ಯಾರು ಬೇಕಾದರೂ ತೋರಿಸ್ತಾರೆ. ನೀವು ಕೆಟ್ಟದ್ದನ್ನ ತೋರಿಸಿದ್ರಿ. ಬೈಕೊಂಡೇ ತೋರಿಸಿದ್ರಿ. ಆದರೂ ದಿನಾ ತೋರಿಸಿದ್ರಿ." ಅವಳ ದನಿ ಇಳಿಯಿತು. "ನಮ್ಮಪ್ಪ ಒಂದು ದಿನ ಹಾಗೆ ತೋರಿಸಿದ್ದರೆ..."

ಮೂಟೆ ಹೊತ್ತವನೊಬ್ಬ ಕೂಗುತ್ತ ಬಂದ. ರಜತ್ ಅವಳ ಮೊಣಕೈ ಹಿಡಿದು ಪಕ್ಕಕ್ಕೆ ಸರಿಸಿದ. ಮೂಟೆಯವನು ಹೋದ ಮೇಲೂ ಆ ಕೈ ಅಲ್ಲೇ ಇತ್ತು.

"ನನ್ನ ಕಿಡ್ನಿಗೆ ಆದ ಪೆಟ್ಟು ಪೂರ್ತಿ ಗುಣ ಆಗುದಿಲ್ಲ" ಎಂದ ಅವನು, ಮೊದಲ ಸಲ ಸಿಟ್ಟಿಲ್ಲದೆ. "ಇಲ್ಲಿಗೇ ನಿಲ್ಲಿಸಬಹುದು, ಭರವಸೆ ಕೊಡ್ಲಿಕ್ಕೆ ಆಗುದಿಲ್ಲ ಅಂದರು ಡಾಕ್ಟರ್. ಇಪ್ಪತ್ತು ವರ್ಷದ ಮೇಲೆ ನಾನು ನಿಮ್ಮ ವಾರ್ಡಿಗೇ ಬಂದರೆ?"

"ಭಯ ಆಗುತ್ತೆ."

"ಆಗ್ತದಲ್ಲ. ಮತ್ತೆ ಯಾಕೆ?"

"ನೀವಿಲ್ಲದೆ ಈ ಎರಡು ಬೆಳಿಗ್ಗೆ ಕಳೆದೆ. ಅದಕ್ಕಿಂತ ಜಾಸ್ತಿ ಭಯ ಇರಲಾರದು."

 ರಜತ್ ತಲೆ ತಗ್ಗಿಸಿದ. ಮತ್ತೆ ಎತ್ತಿದಾಗ ಅವನ ಕಣ್ಣೂ ಒದ್ದೆಯಾಗಿತ್ತು.

"ಸ್ಕೂಟರ್ ಹತ್ತಿರ ನೀವು ಅತ್ತಿರಲ್ಲ" ಎಂದ ನಿಧಾನವಾಗಿ. "ಅವತ್ತೇ ಡಾಕ್ಟರ್ ಹತ್ತಿರ ಹೋದೆ, ಮರುದಿನ ಮೊದಲ ಮಾತ್ರೆ ನುಂಗಿದೆ. ಕಿಡ್ನಿಗೆ ಹೆದರಿ ಅಲ್ಲ. ನಿಮಗೆ ಇನ್ನೊಂದು ಸಲ ಹಾಗೆ ಅಳುವ ಹಾಗೆ ಆಗಬಾರದು ಅಂತ. ನನ್ನಿಂದಾಗಿ ಆಗಬಾರದು ಅಂತ." ಅವನು ಕಣ್ಣೊರೆಸಿಕೊಂಡ. "ಇಷ್ಟ ಆಗಿತ್ತು. ಹೇಳ್ಲಿಕ್ಕೆ ಬಾಯಿ ಬರಲಿಲ್ಲ. ನಂಬರ್ ಕಳಿಸಿದೆ."

ಮಳಿಗೆಯವನು ಅವನಿಗಾಗಿ ಕಾದು ಸಾಕಾಗಿ ಬೇರೆ ಗಿರಾಕಿಯ ಕಡೆ ತಿರುಗಿದ.

"ನಿಮ್ಮಪ್ಪ ನನ್ನನ್ನ ಒಪ್ಪಲ್ಲ" ಎಂದಳು ಶ್ರೀಪ್ರಿಯಾ.

"ಒಪ್ಪುದಿಲ್ಲ. ನನ್ನ ಕಾಯಿಲೆಯ ವಿಷಯ ಮೊನ್ನೆ ಹೇಳಿದೆ. ನಿಮ್ಮ ಕಣ್ಣು ತಾಗಿ ಹಾಗಾಯ್ತಂತೆ."

"ಅಮ್ಮ?"

"ಅಮ್ಮ ಕೇಳಿದ್ದು ಒಂದೇ. ಆ ಹುಡುಗಿ ಅವತ್ತು ಕೇಳದಿದ್ದರೆ ನಮಗೆ ಯಾವಾಗ ಗೊತ್ತಾಗ್ತಿತ್ತು ಅಂತ. ಅಪ್ಪ ಎದ್ದು ಹೋದರು."

"ಹಾಗಾದರೆ ಜಗಳ ಇದೆ."

"ಉಂಟು. ದೊಡ್ಡದೇ ಉಂಟು."

"ಜಗಳ ಆಡೋಕೆ ನನಗೆ ಬರುತ್ತೆ."

"ಅದು ನನಗೆ ಗೊತ್ತಿಲ್ಲವಾ?"

ಇಬ್ಬರೂ ನಕ್ಕರು. ಹೆಣ್ಣು ನೋಡಲು ಬಂದ ಆ ದಿನದಿಂದ ಇವತ್ತಿನವರೆಗೆ ಅವರು ಒಟ್ಟಿಗೆ ನಕ್ಕದ್ದು ಅದೇ ಮೊದಲು.

ತರಕಾರಿಯ ಮೂಟೆಗಳೆಲ್ಲ ಆಗಲೇ ಟೆಂಪೋ ಹತ್ತಿದ್ದವು. ಕೊತ್ತಂಬರಿ, ಪುದೀನ ತುಂಬಿದ ಒಂದು ದೊಡ್ಡ ಚೀಲ ಮಾತ್ರ ಅವನ ಕಾಲ ಬಳಿ ಉಳಿದಿತ್ತು.

"ತಿಂಡಿ ಆಯ್ತಾ ನಿಮ್ಮದು?" ರಜತ್ ಕೇಳಿದ.

"ಮುಖಾನೇ ತೊಳೆದಿಲ್ಲ."

"ಬನ್ನಿ, ಹೋಟ್ಲಿಗೆ ಹೋಗುವ. ಏಳೂವರೆಗೆ ಅಪ್ಪ ಬಂದು ಗಲ್ಲಾದಲ್ಲಿ ಕೂರ್ತಾರೆ. ಅವರ ಎದುರೇ ಕೂತು ತಿನ್ನುವ."

ಶ್ರೀಪ್ರಿಯಾ ದುಪಟ್ಟಾದಲ್ಲಿ ಮುಖ ಒರೆಸಿಕೊಂಡಳು, ಕೂದಲನ್ನು ಹಿಂದಕ್ಕೆ ಕಟ್ಟಿಕೊಂಡಳು. ಆಮೇಲೆ ಬಾಗಿ ಚೀಲದ ಒಂದು ಹಿಡಿಕೆಗೆ ಕೈ ಹಾಕಿದಳು.

"ಬಿಡಿ, ಭಾರ ಉಂಟು."

"ಇನ್ನೊಂದು ಕಡೆ ನೀನು ಹಿಡ್ಕೊ."

ಅವನು ಚೀಲ ಹಿಡಿಯಲು ಬಾಗಿದವನು ಹಾಗೇ ನಿಂತು ಅವಳ ಮುಖ ನೋಡಿದ.

"ಎಂತ ಅಂದಿ?"

"ಹಿಡ್ಕೊ ಅಂದೆ. ತಡ ಆಗ್ತಿದೆ, ನಡಿ."